ಹೊಸದಾಗಿ ಅಧಿಕಾರ ವಹಿಸಿಕೊಂಡ ಇಸಿಎಂ ಸಾಹೇಬರಿಗೆ

ಮಾನ್ಯ ಇಂಜಿನ್ ಕಂಟ್ರೋಲ್ ಮಾಡ್ಯೂಲ್ ಸಾಹೇಬರಿಗೆ,
ಮುಕ್ಕಾಂ: ಡ್ಯಾಶ್‌ಬೋರ್ಡಿನ ಹಿಂದೆ ಎಡಗಡೆ, ನನ್ನ ಮೀನುಗಾಡಿ, ಬೈತಖೋಲ ಬಂದರು, ಕಾರವಾರ.

ತಾವು ಅಧಿಕಾರ ವಹಿಸಿಕೊಂಡು ತಿಂಗಳಾಯಿತು. ಹಾರ ಹಿಡಿದು ಬಂದು ಕಾಣೋಣವೆಂದರೆ ತಮ್ಮ ಕಚೇರಿಗೆ ಬಾಗಿಲೇ ಇಲ್ಲ. ಅಲ್ಯೂಮಿನಿಯಂ ಡಬ್ಬಿ, ಸುತ್ತ ಸೀಲು, ಮೇಲೆ ‘ಬಿಚ್ಚಿದರೆ ವಾರಂಟಿ ರದ್ದು’ ಎಂಬ ಚೀಟಿ. ಕಾರವಾರ ಜಿಲ್ಲಾ ಕೇಂದ್ರ. ಸಾಹೇಬರುಗಳಿಗೆ ಇಲ್ಲಿ ಬರವಿಲ್ಲ. ಆದರೆ ಅವರ ಬಾಗಿಲಲ್ಲಿ ‘ನಾಳೆ ಬನ್ನಿ’ ಎನ್ನಲು ಒಬ್ಬ ಜವಾನನಾದರೂ ಇರುತ್ತಾನೆ. ಹಾಗಾಗಿ ಈ ಬಹಿರಂಗ ಪತ್ರ.

ತಮ್ಮ ಆಡಳಿತದ ರೀತಿ ನನಗೆ ಈಗೀಗ ಅರ್ಥವಾಗುತ್ತಿದೆ. ತಾವು ಕುರ್ಚಿ ಬಿಟ್ಟು ಏಳುವುದಿಲ್ಲ. ಇಂಜಿನ್ ಎಷ್ಟು ಸುತ್ತುತ್ತಿದೆ, ನೀರು ಎಷ್ಟು ಕಾದಿದೆ, ಡೀಸೆಲ್ ಪೈಪಿನೊಳಗೆ ಎಷ್ಟು ಒತ್ತಡವಿದೆ ಎಂದು ಸೆನ್ಸರ್ ಎಂಬ ಗುಮಾಸ್ತರು ವರದಿ ಕಳಿಸುತ್ತಾರೆ. ಅವರಲ್ಲಿ ಹೆಚ್ಚಿನವರ ಸಂಬಳ ಐದು ವೋಲ್ಟ್. ವರದಿ ಓದಿ, ಯಾವ ಇಂಜೆಕ್ಟರ್ ಎಷ್ಟು ಡೀಸೆಲ್ ಚಿಮ್ಮಬೇಕೆಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ತಾವು ಆದೇಶ ಹೊರಡಿಸುತ್ತೀರಿ. ಇಷ್ಟು ಚುರುಕಾಗಿ ಫೈಲು ವಿಲೇವಾರಿಯಾಗುವ ಕಚೇರಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ, ಒಪ್ಪಿದೆ. ತೊಂದರೆ ಒಂದೇ: ಗುಮಾಸ್ತ ಸುಳ್ಳು ಹೇಳಿದರೂ, ವರದಿ ದಾರಿಯಲ್ಲಿ ನೆನೆದು ಹಾಳಾದರೂ ತಾವು ಹೊರಗೆ ಬಂದು ನೋಡುವವರಲ್ಲ. ಹಳದಿ ದೀಪ ಹಚ್ಚಿ ಸುಮ್ಮನಾಗುತ್ತೀರಿ.

ನನ್ನ ಅಪ್ಪನ ಟೆಂಪೋದಲ್ಲಿ ತಮ್ಮ ಹುದ್ದೆಯೇ ಇರಲಿಲ್ಲ. ಮೈಕೋ ಪಂಪು ಇತ್ತು. 1951ರಲ್ಲಿ ಹುಟ್ಟಿದ ಬೆಂಗಳೂರಿನ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಆಯಿತಾದರೂ ನಮ್ಮ ಗ್ಯಾರೇಜಿನವರ ಬಾಯಲ್ಲಿ ಇವತ್ತಿಗೂ ಅದು ಮೈಕೋನೇ. ಬ್ಯಾಟರಿ ಸತ್ತರೆ ಬಂದರಿನ ನಾಲ್ಕು ಹುಡುಗರು ತಳ್ಳಿದರೆ ಸಾಕು, ಗಾಡಿ ಕೆಮ್ಮಿಕೊಂಡು ಎದ್ದು ಹೊರಡುತ್ತಿತ್ತು. ಹೊಗೆ ಬಹಳ ಬಿಡುತ್ತಿತ್ತು, ಸುಳ್ಳೇಕೆ ಹೇಳಲಿ; ಆ ಹೊಗೆ ಕಮ್ಮಿ ಮಾಡಲೆಂದೇ ತಮ್ಮನ್ನು ತಂದು ಕೂರಿಸಿದ್ದು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲಂತೂ ತಮ್ಮ ಅಪ್ಪಣೆಯಿಲ್ಲದೆ ಹೊಸ ಗಾಡಿಯಲ್ಲಿ ಏನೂ ಅಲುಗುವುದಿಲ್ಲ.

ಇನ್ನು ತಮ್ಮ ಹಿಂದಿನವರ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ನನ್ನ ಗಾಡಿಯೂ ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಆಗಸ್ಟಿನಲ್ಲಿ ಬೋಟು ಇಳಿದವು. ಬಂಗುಡೆ, ಶೆಟ್ಲಿ ಕ್ರೇಟ್ ತುಂಬಿ, ಐಸು ಹೊಡೆದು ಅಂಕೋಲೆಗೆ ಹೊರಟೆ. ಬಿಣಗಾ ಕಡೆಗಿನ ಸುರಂಗದಲ್ಲಿ ದೀಪ ಹತ್ತಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ನಲವತ್ತು ದಾಟಲಿಲ್ಲ. ಲಿಂಪ್ ಮೋಡ್ ಅಂತೆ, ಅಂದರೆ ಸಾಹೇಬರು ಸಿಟ್ಟಾಗಿ ಕುಂಟು ನಡಿಗೆ ವಿಧಿಸಿದ್ದಾರೆ ಎಂದರ್ಥ. ಅರ್ಗಾ, ಅಮದಳ್ಳಿ ಕುಂಟಿಕೊಂಡೇ ದಾಟಿ ಅವರ್ಸಾದ ಹತ್ತಿರ ಪೂರ್ತಿ ನಿಂತಿತು. ಐಸು ಕರಗಿ ಹೆದ್ದಾರಿಗೆ ಹರಿಯಿತು. ಬೈತಖೋಲ ಎಂದರೆ ಅರಬರ ಮಾತಿನಲ್ಲಿ ‘ಸುರಕ್ಷಿತ ಕೊಲ್ಲಿ’ ಎಂದು ಹೇಳುವವರಿದ್ದಾರೆ. ಇರಬಹುದು, ನಾನು ಆಗಲೇ ಕೊಲ್ಲಿ ಬಿಟ್ಟು ಬಂದಾಗಿತ್ತು.

ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಚುಚ್ಚಿದರು. ಪರದೆಯ ಮೇಲೆ ಪಿ-0606. ‘ಪ್ರೊಸೆಸರ್ ಫಾಲ್ಟ್. ಇಸಿಎಂ ಹೋಗಿದೆ’ ಎಂದ ಹುಡುಗ, ಮೊಬೈಲಿನಿಂದ ಕಣ್ಣು ಕೀಳದೆ. ವಿಚಾರಣೆಯಿಲ್ಲ, ನೋಟಿಸಿಲ್ಲ. ಐದು ವರ್ಷ ಸೇವೆ ಸಲ್ಲಿಸಿದ ಅಧಿಕಾರಿಯನ್ನು ಒಂದೇ ಕೋಡಿನ ಮೇಲೆ ವಜಾ ಮಾಡಿದರು. ಗೋಡೆಯ ಮೇಲೆ ಬೋರ್ಡು: ‘ಇಲೆಕ್ಟ್ರಿಕಲ್ ಪಾರ್ಟ್ಸ್ ವಾಪಸ್ ತೆಗೆದುಕೊಳ್ಳುವುದಿಲ್ಲ.’

ತಾವು ಎಂಟು ದಿನಕ್ಕೆ ಬಂದಿರಿ. ಬಂದ ಮೇಲೆ ತಿಳಿಯಿತು, ತಾವು ಬಂದದ್ದು ಖಾಲಿ ತಲೆಯಲ್ಲಿ. ಗಾಡಿಯ ಹದಿನೇಳು ಅಕ್ಷರದ ಚಾಸಿ ನಂಬರನ್ನು ತಮ್ಮೊಳಗೆ ಬರೆಯಬೇಕು. ಒಂದೊಂದು ಇಂಜೆಕ್ಟರಿನ ನೆತ್ತಿಯಲ್ಲಿ ಕೊರೆದ ಕೋಡನ್ನು ತಮಗೆ ಓದಿ ಹೇಳಬೇಕು; ನಾಲ್ಕು ಸಿಲಿಂಡರ್, ನಾಲ್ಕು ಕೋಡು. ಆಮೇಲೆ ಕೀಲಿಯ ಪರಿಚಯ. ಗಾಡಿಯ ಒಡೆಯನಾದ ನನ್ನ ಕೈಯ ಕೀಲಿಯನ್ನೇ ತಾವು ಕಳ್ಳನ ಕೀಲಿ ಎಂದುಕೊಂಡಿರಿ. ಕಂಪನಿಯ ಲ್ಯಾಪ್‌ಟಾಪ್, ಕಂಪನಿಯ ಪಾಸ್‌ವರ್ಡ್, ಎಲ್ಲೋ ದೂರದಲ್ಲಿ ಕಂಪನಿಯ ಸರ್ವರ್. ಅಲ್ಲಿಂದ ಒಪ್ಪಿಗೆ ಬರುವತನಕ ನಾನು ಬೆಂಚಿನ ಮೇಲೆ ಕೂತು ಎರಡು ಚಹಾ ಕುಡಿದೆ. ಬಿಲ್ಲು ಅರವತ್ತೆರಡು ಸಾವಿರ. ಅದನ್ನು ಓದುವಾಗ ಮೂರನೆಯ ಚಹಾ ಬೇಕಾಯಿತು.

ನಾಲ್ಕನೆಯ ದಿನ, ಅದೇ ಸುರಂಗ, ಅದೇ ಹಳದಿ ದೀಪ.

‘ಹಾಗಾದರೆ ವೈರಿಂಗ್ ಪೂರ್ತಿ ಬದಲಿಸಬೇಕು’ ಎಂದರು ವರ್ಕ್‌ಶಾಪಿನವರು, ಇನ್ನೊಂದು ಎಸ್ಟಿಮೇಟ್ ಬರೆಯುತ್ತ. ನಾನು ಕೈಮುಗಿದು, ಗಾಡಿಯನ್ನು ಅಂಕೋಲೆಯ ಒಬ್ಬ ಮುದುಕ ಇಲೆಕ್ಟ್ರಿಷಿಯನ್ ಬಳಿ ಎಳೆಸಿಕೊಂಡು ಹೋದೆ. ಅವರ ಬಳಿ ಸ್ಕ್ಯಾನರ್ ಇಲ್ಲ. ಟೇಪು ಸುತ್ತಿದ ಒಂದು ಮಲ್ಟಿಮೀಟರ್ ಇದೆ.

‘ತಮಾ, ಅರ್ತಿಂಗ್ ನೋಡಿದ್ರಾ?’
‘ಯಾರೂ ನೋಡ್ಲಿಲ್ಲ.’
‘ಸೆಲ್ಫ್ ಹೊಡಿ ಹಂಗಾರೆ.’

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತಮ್ಮ ಅರ್ತಿಂಗ್ ತಂತಿಗೆ. ನಾನು ಸೆಲ್ಫ್ ಹೊಡೆದೆ. ಸೊನ್ನೆಯ ಆಸುಪಾಸು ಇರಬೇಕಾದ ಮುಳ್ಳು ಒಂದು ವೋಲ್ಟ್ ದಾಟಿತು. 0.2 ಮೀರಿದರೇ ಸಂಶಯಪಡಬೇಕಂತೆ. ಅವರು ಎಡಗಡೆಯ ಮ್ಯಾಟು ಎತ್ತಿ, ತಂತಿಯ ಜಾಡು ಹಿಡಿದು, ಬಾಡಿಗೆ ಬಿಗಿದ ಒಂದು ಬೋಲ್ಟನ್ನು ತೋರಿಸಿದರು. ಅದು ಬೋಲ್ಟೋ ಬಂದರಿನ ಕಲ್ಲೋ ತಿಳಿಯದ ಹಾಗೆ ಹಸಿರು ಕಿಲುಬು ಕಟ್ಟಿತ್ತು. ಉಗುರು ತಾಗಿಸಿದರೆ ಪುಡಿ ಉದುರಿತು. ವರ್ಷಗಟ್ಟಲೆ ಮೀನಿನ ಉಪ್ಪುನೀರು ತಟ್ಟಿನ ಸಂದಿನಿಂದ ಸೋರಿ ಅಲ್ಲೇ ನಿಂತಿತ್ತು. ಹಿಂದಿನ ಸಾಹೇಬರ ತಲೆ ಕೆಟ್ಟಿರಲಿಲ್ಲ, ಕಾಲ ಕೆಳಗಿನ ನೆಲ ಹೋಗಿತ್ತು. ತಮ್ಮನ್ನು ಕೂರಿಸುವಾಗ ತಂತಿ ಅಲುಗಿದ್ದರಿಂದ ಮೂರು ದಿನ ಎಲ್ಲ ಸರಿಯಿತ್ತು, ಅಷ್ಟೇ. ಅದನ್ನು ನಾನು ತಮ್ಮ ದಕ್ಷತೆ ಎಂದುಕೊಂಡು ಡ್ಯಾಶ್‌ಬೋರ್ಡಿಗೆ ಊದುಬತ್ತಿ ಹಚ್ಚಿದ್ದೆ.

ಮರಳುಕಾಗದದಲ್ಲಿ ಉಜ್ಜಿದರು. ಹೊಸ ಲಗ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಬಳಿದರು. ಮುಕ್ಕಾಲು ಗಂಟೆ.

‘ಹಳೇ ಇಸಿಎಂ ಮತ್ತೆ ಹಾಕೋಕೆ ಬರ್ತದ?’ ಕೇಳಿದೆ.
‘ಹಾಕೋಕೇನು, ನಾಲ್ಕು ಸ್ಕ್ರೂ. ಕೀಲಿ ಒಪ್ಪಸೂಕೆ ಮತ್ತೆ ಕಂಪನಿ ಕಾಲಿಗೇ ಬೀಳ್ಬೇಕು.’

ಇಲ್ಲಿಗೆ ಬಂತು ನನ್ನ ಅಹವಾಲು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಮತ ಹಾಕಿ, ಕಂಪನಿಯ ಗ್ಯಾರೇಜಿಗೆ ಸಿಗುವ ರಿಪೇರಿ ಮಾಹಿತಿ ಬೀದಿಯ ಗ್ಯಾರೇಜಿಗೂ ಸಿಗಬೇಕೆಂದು ಕಾನೂನು ಮಾಡಿಸಿಕೊಂಡರು. ನಮ್ಮಲ್ಲೂ 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ವಾಹನಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಪೋರ್ಟಲ್ ಬಂತು, ಪಾಸ್‌ವರ್ಡ್ ಬರಲಿಲ್ಲ. ಆ ಮುದುಕರ ಕೈಗೆ ಕೀಲಿ ಒಪ್ಪಿಸುವ ಆ ಪಾಸ್‌ವರ್ಡಿನ ಅಧಿಕಾರ ಕೊಟ್ಟಿದ್ದರೆ ನನ್ನ ಹಳೆಯ ಸಾಹೇಬರು ಇಂದೇ ಮರುನೇಮಕವಾಗುತ್ತಿದ್ದರು.

ಸದ್ಯ ಅವರು ನಮ್ಮ ಮನೆಯ ಕಪಾಟಿನಲ್ಲಿ, ಆರ್‌ಸಿ ಪುಸ್ತಕದ ಪಕ್ಕ, ಪ್ಲಾಸ್ಟಿಕ್ ಸುತ್ತಿಕೊಂಡು ಅಮಾನತಿನಲ್ಲಿದ್ದಾರೆ. ಸಂಬಳ ಸಾಲದ ಕಂತಿನ ರೂಪದಲ್ಲಿ ಪ್ರತಿ ತಿಂಗಳೂ ಸಂದಾಯವಾಗುತ್ತಿದೆ.

ಇಂತಿ ತಮ್ಮ ಆಜ್ಞಾಧಾರಕ,
ಬೈತಖೋಲದ ಒಬ್ಬ ಮೀನುಗಾಡಿಯವನು

ತಾಜಾ ಕಲಮು: ಬಂದರಿನ ಗಾಡಿಯವರೇ, ಯಾರಾದರೂ ‘ಇಸಿಎಂ ಹೋಗಿದೆ’ ಎಂದರೆ ಅಡ್ವಾನ್ಸ್ ಕೊಡುವ ಮೊದಲು ಸೆಲ್ಫ್ ಹೊಡೆದು ಅರ್ತಿಂಗ್ ಅಳೆಯಿರಿ ಎನ್ನಿ. ಅಂಕೋಲೆಯ ಮುದುಕರು ನನ್ನಿಂದ ತೆಗೆದುಕೊಂಡದ್ದು ಇನ್ನೂರು ರೂಪಾಯಿ ಮತ್ತು ಆರು ಬಂಗುಡೆ.