ಬ್ರೂನೊಗೊಂದು ಗದ್ದೆ ಬೇಕಾಗಿದೆ

(ಬ್ರಹ್ಮಾವರದಲ್ಲಿ ವಾರಂಬಳ್ಳಿ ಕಡೆಗೆ ತಿರುಗುವಲ್ಲಿ ಒಂದು ಗೂಡಂಗಡಿ, ಅದರ ಮುಂದೊಂದು ಬೆಂಚು. ಜನವರಿಯ ಬೆಳಿಗ್ಗೆ. ಭತ್ತದ ಕೊಯ್ಲು ಮುಗಿದು ಗದ್ದೆಗಳಲ್ಲಿ ಉದ್ದು ಎರಡೆಲೆ ಬಿಟ್ಟಿದೆ. ಬೆಂಚಿನ ಮೇಲೆ ಶೀನಣ್ಣ, ಬೆಂಚಿನ ಕೆಳಗೆ ಅವರ ನಾಯಿ ಕಾಳ. ಕಾಳನ ಕುತ್ತಿಗೆಯಲ್ಲಿ ಇವತ್ತಿನವರೆಗೆ ಒಂದು ದಾರವೂ ಬಿದ್ದಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಐತಾಳರು ಬರುತ್ತಾರೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ತರಲ್ಪಡುತ್ತಾರೆ. ಹಗ್ಗದ ಆ ತುದಿಯಲ್ಲಿ ಬ್ರೂನೊ, ಮಗ ಅಮೆರಿಕಕ್ಕೆ ಹೋಗುವಾಗ ಬಿಟ್ಟುಹೋದ ಲ್ಯಾಬ್ರಡಾರ್. ಐತಾಳರು ಹುಟ್ಟಿದ್ದು ಕೋಟದಲ್ಲಿ, ದುಡಿದದ್ದು ಬೆಂಗಳೂರಿನಲ್ಲಿ. ಮಾತು ಬೆಂಗಳೂರಿನದ್ದು, ಸಿಟ್ಟು ಮಾತ್ರ ಕೋಟದ್ದೇ.)

ಶೀನಣ್ಣ: ಹ್ವಾಯ್ ಐತಾಳ್ರೆ, ನಿಲ್ಲಿ ಮರ್ರೆ! ನೀವ್ ನಾಯಿನ್ ತಿರ್ಗಾಡ್ಸುಕೆ ಕರ್ಕಂಡ್ ಹೋಪ್ದಾ, ಅದ್ ನಿಮ್ಮನ್ ಕರ್ಕಂಡ್ ಹೋಪ್ದಾ?

ಐತಾಳರು: (ಹಗ್ಗವನ್ನು ಬೆಂಚಿನ ಕಾಲಿಗೆ ಸುತ್ತುತ್ತಾ) ಅದು ಇನ್ನೂ ತೀರ್ಮಾನ ಆಗಿಲ್ಲ ಶೀನಣ್ಣ. ಒಂದು ಚಾ ಹೇಳಿ. ಇವನನ್ನು ಹಗ್ಗ ಬಿಚ್ಚಿ ಅರ್ಧ ಗಂಟೆ ಓಡೋದಕ್ಕೆ ಬಿಡುವಂಥ ಜಾಗ ಹುಡುಕ್ತಾ ಇದ್ದೇನೆ. ಎಲ್ಲೂ ಸಿಗ್ತಾ ಇಲ್ಲ.

ಶೀನಣ್ಣ: ಜಾಗ ಸಿಕ್ತಿಲ್ಯಾ? (ರಸ್ತೆಯಾಚೆ ಕೈ ತೋರಿಸಿ) ಹಾಂಗಾರೆ ಅದೆಂತ, ಆಟದ ಪರದಿಯಾ? ಕಣ್ಣ್ ಹೋಪಷ್ಟ್ ದೂರ ಗದ್ದಿ ಬಿದ್ಕಂಡಿತ್.

ಐತಾಳರು: ನಾನೂ ಹಾಗೇ ಅಂದುಕೊಂಡೆ. ಸೋಮವಾರ ಬಿಟ್ಟೆ. ಎಂಥ ಓಟ ಅಂತೀರಿ! ಆಮೇಲೆ ಮಲಗಿ ಹೊರಳಾಡಿದ. ನೋಡಿದ್ರೆ ಕೆಳಗೆ ಏನೋ ಸಣ್ಣಸಣ್ಣ ಸಸಿ.

ಶೀನಣ್ಣ: ಯಾವ ಗದ್ದಿ?

ಐತಾಳರು: ಅದೇ, ಆ ತೆಂಗಿನ ಮರ ಓರೆಯಾಗಿದೆಯಲ್ಲ.

ಶೀನಣ್ಣ: (ಚಾ ಕೆಳಗಿಟ್ಟು) ಅದ್ ನನ್ ಉದ್ದ್! ನವಿಲ್ ಹೊರಳಿದ್ದ್ ಅಂದೇಳಿ ನಾನ್ ಎರ್ಡ್ ದಿನ ನವಿಲಿಗೆ ಬಾಯಿಗೆ ಬಂದಾಂಗ್ ಬೈದಿದೆ ಮರ್ರೆ!

ಐತಾಳರು: ನವಿಲಿಗೆ ನನ್ನ ಕಡೆಯಿಂದ ಒಂದು ಕ್ಷಮೆ ಹೇಳಿಬಿಡಿ. ಅದಕ್ಕೇ ನಾನು ಹೇಳೋದು, ನಾಯಿಗಳಿಗೆ ಅಂತಲೇ ಒಂದು ಪಾರ್ಕು ಬೇಕು.

ಶೀನಣ್ಣ: ನಾಯಿಗೆ ಪಾರ್ಕಾ! ಮೊದ್ಲ್ ನಂಗೊಂದ್ ಬೇಕ್, ಮನಿಯಿಂದ ತಪ್ಸ್ಕಂಡ್ ಕೂಕಂಬುಕೆ.

ಐತಾಳರು: ನಗಬೇಡಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೇ ಬೇಲಿ ಹಾಕಿಟ್ಟ ಜಾಗ ಇದೆ. ಅಮೆರಿಕದ ಬರ್ಕ್ಲಿ ಅನ್ನೋ ಊರಲ್ಲಿ 1979ರಲ್ಲೇ ಶುರು ಮಾಡಿದ್ರು. ಅಷ್ಟು ದೂರ ಯಾಕೆ, ಕೊಂಡಾಪುರದಲ್ಲಿ 2018ರಲ್ಲಿ ಸರ್ಕಾರಿ ದುಡ್ಡಿನಲ್ಲೇ ಕಟ್ಟಿದ್ದಾರೆ.

ಶೀನಣ್ಣ: ಕುಂದಾಪ್ರದಂಗಾ? ಎಲ್ಲಿ, ಶಾಸ್ತ್ರಿ ಸರ್ಕಲ್ ಹತ್ರವಾ?

ಐತಾಳರು: ಕೊಂಡಾಪುರ ಶೀನಣ್ಣ. ಹೈದರಾಬಾದು.

ಶೀನಣ್ಣ: ಛೇ, ಸ್ವಲ್ಪದ್ರಂಗೆ ತಪ್ಪಿ ಹೋಯ್ತ್ ಕಾಣಿ. ಅಲ್ಲಾ, ಅದ್ರೊಳ್ಗೆ ಎಂತ ಇರತ್?

ಐತಾಳರು: ಮೊದಲನೆಯದು ಬೇಲಿ. ಎರಡನೆಯದು ಎರಡು ಗೇಟು. ಹೊರಗಿನ ಗೇಟು ದಾಟಿ, ಅದನ್ನು ಹಾಕಿ, ಹಗ್ಗ ಬಿಚ್ಚಿ, ಆಮೇಲೆ ಒಳಗಿನ ಗೇಟು ತೆಗೀಬೇಕು. ಎರಡೂ ಒಟ್ಟಿಗೆ ತೆರೆದಿರಬಾರದು.

ಶೀನಣ್ಣ: ನಿಮ್ ಬ್ಯಾಂಕಿನ ಲಾಕರ್ ಹಾಂಗೆ.

ಐತಾಳರು: ಹಾಗೇ. ಆಮೇಲೆ ನೆರಳು, ಕುಡಿಯೋ ನೀರು. ದೊಡ್ಡ ನಾಯಿಗೆ ಬೇರೆ, ಸಣ್ಣ ನಾಯಿಗೆ ಬೇರೆ ಜಾಗ. ಲಸಿಕೆ ಹಾಕಿಸಿದ ಕಾರ್ಡು ಇರಬೇಕು. ಮತ್ತೆ, ಹೆಕ್ಕಬೇಕು.

ಶೀನಣ್ಣ: ಎಂತ ಹೆಕ್ಕುದ್?

ಐತಾಳರು: ಅದೇ.

ಶೀನಣ್ಣ: ಯಾರ್ ಹೆಕ್ಕುದ್?

ಐತಾಳರು: ಯಜಮಾನರು.

ಶೀನಣ್ಣ: ಬ್ಯಾಂಕ್ ಮೇನೇಜರ್ರಾ?

ಐತಾಳರು: (ಜೇಬಿನಿಂದ ಇಣುಕುತ್ತಿದ್ದ ಪ್ಲಾಸ್ಟಿಕ್ ಚೀಲದ ತುದಿಯನ್ನು ಒಳಗೆ ತಳ್ಳಿ) ನಿವೃತ್ತರು.

(ಶೀನಣ್ಣ ಸ್ವಲ್ಪ ಹೊತ್ತು ಗೌರವದಿಂದ ಸುಮ್ಮನಿರುತ್ತಾರೆ.)

ಐತಾಳರು: ನಾನು ಸುಮ್ಮನೆ ಕೂತಿಲ್ಲ. ಊರೆಲ್ಲ ನೋಡಿ ಬಂದೆ. ಕೃಷಿ ಸಂಶೋಧನಾ ಕೇಂದ್ರ ಇದೆಯಲ್ಲ, ಎಷ್ಟು ಚಂದದ ಬಯಲು, ಸುತ್ತ ಕಾಂಪೌಂಡು. ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅನಿಸಿತು.

ಶೀನಣ್ಣ: ಅಯ್ಯೋ ದೇವ್ರೆ, ಬಿಟ್ರ್ಯಾ?

ಐತಾಳರು: ಕೇಳೋಣ ಅಂತ ಹೋಗಿದ್ದೆ.

ಶೀನಣ್ಣ: ಕೇಂಬುದೂ ಬೇಡ. ಅಲ್ಲ್ ಬೆಳೂದ್ ಭತ್ತ ಅಲ್ಲ ಐತಾಳ್ರೆ, ಲೆಕ್ಕ. ಈ ಸಾಲಿಗೆ ಇಷ್ಟ್ ಗೊಬ್ರ, ಆ ಸಾಲಿಗೆ ಗೊಬ್ರ ಇಲ್ಲೆ. ಒಂದೊಂದ್ ಬುಡಕ್ಕೂ ಒಂದ್ ಚೀಟಿ. ನೆರಿಗೆ ಕೊಳಿಯದ ಭತ್ತ ಮಾಡುಕೆ ಅವ್ರ್ ವರ್ಷಗಟ್ಲೆ ಕೂತಿರ್ತ್ರ್. ನಿಮ್ ಬ್ರೂನೊ ಹೋಯಿ ಆ ಸಾಲಿನಂಗೆ ಒಂದ್ ಕಾಲ್ ಎತ್ತಿದ್ರೆ ಯಾವ ತಳಿಗೆ ಯಾವ ಗೊಬ್ರ ಬಿತ್ತ್ ಅಂದೇಳಿ ಯಾರ್ ಬರೂದ್? ಶಿವಮೊಗ್ಗದ ಯೂನಿವರ್ಸಿಟಿಯವ್ರ್ ತಲಿ ಮೇಲ್ ಕೈ ಹೊತ್ಕಂಡ್ ಕೂಕಂತ್ರ್.

ಐತಾಳರು: ಕಂಬಳಗದ್ದೆ ಹೇಗೆ? ಒಂದು ದಿನ ಕೋಣ ಓಡುತ್ತೆ. ಉಳಿದ ದಿನ ಖಾಲಿ ತಾನೆ?

ಶೀನಣ್ಣ: (ಕಿವಿ ಮುಟ್ಟಿ) ಅಲ್ಲ್ ನೀವ್ ನಾಯಿ ಓಡ್ಸಿದ್ರೆ ದೈವ ನಿಮ್ಮನ್ ಓಡ್ಸತ್. ಆ ಮಾತ್ ಇಲ್ಲಿಗೇ ಬಿಡಿ.

ಐತಾಳರು: ಹಾಡಿ ಬದಿ?

ಶೀನಣ್ಣ: ಬಿಸ್ಲ್ ಇಪ್ಪತ್ತಿಗೆ ಹಾವ್. ಕತ್ತಲಾದ್ಮೇಲೆ ಚಿರತೆ. ಚಿರತೆಗೆ ದನ ಬೇಡ, ಕೋಳಿ ಬೇಡ, ನಾಯಿ ಇದ್ರೆ ಸಾಕ್. ಅದೂ ಹೀಂಗ್ ಮೈ ತುಂಬ್ಕಂಡ ನಾಯಿ!

(ಬ್ರೂನೊ ಬಾಲ ಆಡಿಸುತ್ತಾನೆ. ಹೊಗಳಿಕೆ ಎಂದುಕೊಂಡಿರಬೇಕು.)

ಐತಾಳರು: ಕೊನೆಗೆ ಸಮುದ್ರಕ್ಕೇ ಹೋಗೋಣ ಅಂತ ತೀರ್ಮಾನ ಮಾಡಿದ್ದೇನೆ. ಮರಳು, ಗಾಳಿ, ಗದ್ದೆ ಇಲ್ಲ, ಉದ್ದು ಇಲ್ಲ, ನವಿಲು ಇಲ್ಲ.

(ಸ್ಕೂಟರಿನ ಹಾರ್ನು. ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಗುಲಾಬಿ ಬರುತ್ತಾಳೆ. ಬ್ರೂನೊ ಬೆಂಚಿನ ಸಮೇತ ಎರಡು ಅಡಿ ಮುಂದೆ ಹೋಗುತ್ತಾನೆ. ಶೀನಣ್ಣ ಬೆಂಚಿನ ಮೇಲೇ ಇದ್ದಾರೆ.)

ಶೀನಣ್ಣ: ಹಿಡೀನಿ! ಚಾ ಚೆಲ್ತ್!

ಐತಾಳರು: ನೋಡಿದ್ರಾ? ದಿನಾ ಬೆಳಿಗ್ಗೆ ಎಂಟು ಗಂಟೆ ಆದ ಕೂಡಲೇ ಹೀಗೇ. ಹುಚ್ಚು ಹಿಡಿದ ಹಾಗೆ ಎಳೀತಾನೆ. ವ್ಯಾಯಾಮ ಸಾಲದು. ಪುಸ್ತಕದಲ್ಲೂ ಹಾಗೇ ಬರೆದಿದೆ, ಈ ಜಾತಿಗೆ ಓಟ ಬೇಕೇ ಬೇಕು ಅಂತ.

ಗುಲಾಬಿ: (ಸ್ಕೂಟರ್ ನಿಲ್ಲಿಸಿ) ಎಂತದಾ ಬೂನಣ್ಣ, ಎಲ್ಲಿಗ್ ಹೊರ್ಟದ್ದ್?

ಐತಾಳರು: ಬ್ರೂನೊ. ನಿನಗೆ ಇವನ ಹೆಸರು ಹೇಗೆ ಗೊತ್ತು?

ಗುಲಾಬಿ: (ಪೆಟ್ಟಿಗೆಯ ಹಗ್ಗ ಸರಿಮಾಡುತ್ತಾ) ಊರಂಗೆ ಎಲ್ರಿಗೂ ಗೊತ್ತಿತ್ ಐತಾಳ್ರೆ. ನೀವ್ ಅಷ್ಟ್ ದೊಡ್ಡಕ್ಕೆ ಕರೀತ್ರಿಯಲೆ.

ಶೀನಣ್ಣ: ಗುಲಾಬಿ, ಐತಾಳ್ರ್ ನಾಯಿನ್ ಕಡಲ್ ಕರಿಯಂಗೆ ಬಿಡ್ತ್ರಂಬ್ರ್. ಹೇಳ್ ಕಾಂಬ.

ಗುಲಾಬಿ: ಈಗ್ಳಾ? ಈಗ್ಳ್ ಆಮೆ ಮೊಟ್ಟಿ ಇಡು ಸಮಯ. ರಾತ್ರಿ ಬಂದ್ ಹೊಯ್ಗಿ ತೋಡಿ ಮೊಟ್ಟಿ ಇಟ್ಟ್ ಹ್ವಾತ್. ಕೋಡಿಯಂಗೆ ಫಾರೆಸ್ಟಿನವ್ರ್ ಅದಕ್ಕೆ ಬೇಲಿ ಹಾಕಿ ಕಾಯ್ತ್ರ್, ಮರಿ ಆಪತ್ತಿಗೆ ಒಂದೂವರಿ, ಎರ್ಡ್ ತಿಂಗ್ಳ್ ಹಿಡಿತ್. ಕಡಲಾಮೆಗೆ ದೊಡ್ಡ್ ಶತ್ರು ಯಾರ್ ಗೊತ್ತಿತ್ತಾ? ನಾಯಿಯೇ. ವಾಸ್ನಿ ಹಿಡ್ದ್ ತೋಡಿ ತಿಂತ್.

ಐತಾಳರು: ಬ್ರೂನೊ ಮೊಟ್ಟೆ ತಿನ್ನೋದಿಲ್ಲ. ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಇವನಿಗೆ ಮೊಸರನ್ನ, ಕ್ಯಾರೆಟ್ಟು, ಒಂದು ಚಪಾತಿ.

(ಗುಲಾಬಿ ಶೀನಣ್ಣನ ಮುಖ ನೋಡುತ್ತಾಳೆ. ಶೀನಣ್ಣ ಆಕಾಶ ನೋಡುತ್ತಾರೆ.)

ಐತಾಳರು: ಹಾಗಾದ್ರೆ ಕಾರು ತೆಗೆದುಕೊಂಡು ಪಡುಬಿದ್ರಿಗೇ ಹೋಗ್ತೇನೆ. ಅಲ್ಲಿ ಎಲ್ಲ ವ್ಯವಸ್ಥೆ ಇದೆ.

ಗುಲಾಬಿ: ಅಲ್ಲ್ 2020ರಂಗೆ ನೀಲಿ ಬಾವುಟ ಸಿಕ್ಕಿತ್. ಆ ಬಾವುಟ ಹಾರ್ಕಾರೆ ಬೀಚಿಗೆ ನಾಯಿ ಬಪ್ಪುದನ್ನ ತಡಿಕಂಬ್ರ್. ನಿಮ್ ನಾಯಿ ಓಡಿದ್ರೆ ಬಾವುಟವೂ ಓಡತ್.

ಐತಾಳರು: (ಹತಾಶರಾಗಿ) ಆಮೆಗೆ ಬೇಲಿ ಇದೆ, ಭತ್ತಕ್ಕೆ ಕಾಂಪೌಂಡು ಇದೆ, ಕೋಣಕ್ಕೆ ಗದ್ದೆ ಇದೆ. ತೆರಿಗೆ ಕಟ್ಟುವವನ ನಾಯಿಗೆ ಹತ್ತು ಸೆಂಟ್ಸ್ ಇಲ್ಲ!

ಶೀನಣ್ಣ: ಪಾರ್ಕ್ ಪಾರ್ಕ್ ಅಂದೇಳಿ ಎಂತಕ್ ತಲಿಬಿಸಿ ಮಾಡ್ಕಂತ್ರಿ? ನಮ್ ಕಾಳನ್ ಕಾಣಿ. ಬೆಳಿಗ್ಗೆ ಇಲ್ಲಿ. ಹತ್ತ್ ಗಂಟಿಗೆ ಬಸ್ ಸ್ಟ್ಯಾಂಡಂಗೆ ಬನ್ಸ್. ಮಧ್ಯಾಹ್ನ ಶಾಲಿ, ಬಿಸಿಯೂಟ. ಸಂಜಿಗ್ ಆಕಾಶವಾಣಿ ಹತ್ರ ಗೋಳಿಬಜಿ. ರಾತ್ರಿ ನನ್ನ ಜಗ್ಲಿ. ಇಡೀ ಬ್ರಹ್ಮಾವರವೇ ಅವ್ನ್ ಪಾರ್ಕ್.

ಐತಾಳರು: ಅದೇ ಈಗ ಕಷ್ಟಕ್ಕೆ ಬಂದಿರೋದು. ಪೇಪರ್ ಓದ್ಲಿಲ್ವಾ? ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು ಹೇಳಿದೆ: ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ಇಲ್ಲೆಲ್ಲ ಬೀದಿನಾಯಿ ಇರಕೂಡದು. ಹಿಡಿದು, ಲಸಿಕೆ ಹಾಕಿ, ಸಂತಾನಹರಣ ಮಾಡಿ, ಶೆಲ್ಟರಿಗೆ ಕಳಿಸಬೇಕು. ಹಿಡಿದ ಜಾಗಕ್ಕೆ ವಾಪಸ್ ಬಿಡುವಂತಿಲ್ಲ.

ಶೀನಣ್ಣ: ಕಾಳ ಬೀದಿನಾಯಿ ಅಲ್ಲ ಮರ್ರೆ! ನನ್ ನಾಯಿ!

ಐತಾಳರು: ಅದು ನಿಮಗೆ ಗೊತ್ತು, ನನಗೆ ಗೊತ್ತು. ಹಿಡಿಯೋಕೆ ಬರುವವನಿಗೆ ಹೇಗೆ ಗೊತ್ತಾಗ್ಬೇಕು? ಬೆಲ್ಟ್ ಇಲ್ಲ, ಬಿಲ್ಲೆ ಇಲ್ಲ, ಕಾರ್ಡು ಇಲ್ಲ. ಇನ್ನು ನಿಮ್ಮದೇ ಅಂದ್ರೂ ಒಂದು ತೊಂದರೆ ಇದೆ. ಸಾಕಿದ ಪ್ರಾಣಿಯಿಂದ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ರೆ ಯಜಮಾನನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಭಾರತೀಯ ನ್ಯಾಯ ಸಂಹಿತೆ, 291ನೇ ಕಲಮು.

(ಶೀನಣ್ಣ ಬಗ್ಗಿ ಬೆಂಚಿನ ಕೆಳಗೆ ನೋಡುತ್ತಾರೆ. ಹೋದ ವರ್ಷದ ಪೋಸ್ಟ್‌ಮ್ಯಾನ್ ಪ್ರಸಂಗ ಇಬ್ಬರಿಗೂ ನೆನಪಿದೆ. ಕಾಳನೂ ಮರೆತಂತಿಲ್ಲ, ನೋಟ ತಪ್ಪಿಸುತ್ತಾನೆ.)

ಗುಲಾಬಿ: ಹಾಂಗಾರೆ ಇಬ್ರ್ ಸಮಸ್ಯಿಯೂ ಒಂದೇ ಆಯ್ತಲೆ. ಐತಾಳ್ರಿಗೆ ಹಗ್ಗ ಬಿಚ್ಚುಕೆ ಜಾಗ ಇಲ್ಲೆ, ಶೀನಣ್ಣಗೆ ಕಟ್ಟುಕೆ ಹಗ್ಗ ಇಲ್ಲೆ.

ಶೀನಣ್ಣ: (ಬಹಳ ಯೋಚಿಸಿ) ಐತಾಳ್ರೆ, ನನ್ ಕೊಟ್ಟಿಗಿ ಹಿಂದೆ ಇಪ್ಪತ್ತ್ ಸೆಂಟ್ಸ್ ಹಡಿಲ್ ಬಿದ್ಕಂಡಿತ್. ಮೂರ್ ಬದಿ ಅಗಳು, ಒಂದ್ ಬದಿ ತೋಡ್. ಮಾವಿನ ಮರ ಇತ್, ನೆಳ್ಳಿಗ್ ಆಯ್ತ್. ಬಾವಿ ಇತ್, ನೀರಿಗ್ ಆಯ್ತ್.

ಐತಾಳರು: (ಎದ್ದು ನಿಂತು) ಶೀನಣ್ಣ! ಬಾಡಿಗೆ ಎಷ್ಟು?

ಶೀನಣ್ಣ: ದುಡ್ಡ್ ಬೇಡ. ನಿಮ್ ಕಾರಂಗೆ ಕಾಳನ್ ಪಶು ಆಸ್ಪತ್ರಿಗ್ ಕರ್ಕಂಡ್ ಹೋಯಿ ಸೂಜಿ ಹಾಕ್ಸಿ, ಬೆಲ್ಟ್ ಕಟ್ಸ್ಕಂಡ್ ಬರ್ಕ್. ಕಾರ್ಡಂಗೆ ನನ್ ಹೆಸ್ರ್ ಬರ್ಸ್ಕ್.

ಐತಾಳರು: ಆಯ್ತು! ರೇಬೀಸಿಗೆ ಒಂದು, ಇಲಿ ಜ್ವರ ಎಲ್ಲ ಸೇರಿದ್ದು ಇನ್ನೊಂದು.

ಶೀನಣ್ಣ: ತಡಿನಿ. ಇಲಿ ಜ್ವರಕ್ಕೆ ಸೂಜಿ ಇತ್ತಾ?

ಐತಾಳರು: ನಾಯಿಗಿದೆ. ಗದ್ದೆ ನೀರಲ್ಲಿ ಆಡುವ ನಾಯಿಗೆ ಬೇಕೇ ಬೇಕು.

ಶೀನಣ್ಣ: ಐವತ್ತ್ ಮಳ್ಗಾಲ ಆ ಕೆಸ್ರಂಗೆ ನಿಂತದ್ದ್ ನಾನ್. ನಂಗೆ ಬರೀ ಮಾತ್ರಿ ಕೊಡ್ತ್ರ್. ನಾಯಿಗೆ ಸೂಜಿಯಾ! (ಕಾಳನಿಗೆ) ಏಳಾ ದೊಡ್ಡ ಮನ್ಶ. ಕಾರಂಗ್ ಹೋಪುಕಿತ್ತಂಬ್ರ್.

ಐತಾಳರು: ಬೇಲಿ? ಅಗಳನ್ನು ಇವನು ಹಾರಿಬಿಡ್ತಾನೆ.

ಗುಲಾಬಿ: ಹಂಗಾರಕಟ್ಟೆಯಂಗೆ ಹಳೇ ಬಲಿ ಬೇಕಾದಷ್ಟ್ ಸಿಕ್ಕತ್. ನಾನ್ ತಂದ್ ಕೊಡ್ತೆ. ಎಲ್ರೂ ತೋಟಕ್ಕೆ ಅದನ್ನೇ ಕಟ್ಟುದಲ್ದಾ.

ಶೀನಣ್ಣ: ಮೀನಿನ ಬಲಿಯಾ? ನಾಯಿ ಬೇಲಿನೇ ನೆಕ್ಕ್‌ಕಂಡ್ ಕೂಕಂತ್, ಓಡುದ್ ಯಾವಾಗ?

ಐತಾಳರು: ಎರಡು ಗೇಟು ಮರೀಬೇಡಿ.

ಶೀನಣ್ಣ: ಎರ್ಡ್ ದಣಪೆ ಮಾಡ್ವ. ಆದ್ರೆ ಒಂದ್ ಮಾತ್, ಮಳಿ ಬಪ್ಪವರಿಗೆ ಮಾತ್ರ. ಹಡಿಲ್ ಗದ್ದಿ ಕಂಡ್ರೆ ಈ ಊರಂಗೆ ಜನ ಬಿಡ್ತಿಲ್ಲೆ. 2021ರಂಗೆ ಹಡಿಲು ಭೂಮಿ ಆಂದೋಲನ ಅಂದೇಳಿ ಬಂದ್ ಎಲ್ಲಾ ನಟ್ಟಿ ಮಾಡ್ದ್ರ್ ನೆನಪಿತ್ತಾ? ನನ್ ಇಪ್ಪತ್ತ್ ಸೆಂಟ್ಸ್ ಅವ್ರ್ ಕಣ್ಣಿಗೆ ಬೀಳ್ದೇ ಉಳ್ದದ್ದ್ ಕೊಟ್ಟಿಗಿ ಅಡ್ಡ ಇತ್ ಅಂದೇಳಿ.

ಐತಾಳರು: ಮಳೆಗಾಲದ ಚಿಂತೆ ಮಳೆಗಾಲಕ್ಕೆ. ಬಲೆಗೆ ಎಷ್ಟಾಗುತ್ತೆ ಗುಲಾಬಿ?

ಗುಲಾಬಿ: ಬಲಿ ದುಡ್ಡ್ ನಿಧಾನ ಕೊಡಿ. ನಿಮ್ಮನಿ ಅಮ್ಮಂಗೆ ಮಾತ್ರ ತಿಂಗ್ಳ್ ಲೆಕ್ಕ ಒಂದ್ ನೆನಪ್ ಮಾಡಿ ಅಂದೇಳಿ... (ತಟ್ಟನೆ ನಿಲ್ಲಿಸಿ ಸ್ಕೂಟರಿನ ಕೀಲಿ ಹುಡುಕುತ್ತಾಳೆ. ಕೀಲಿ ಸ್ಕೂಟರಿನಲ್ಲೇ ಇದೆ.)

ಐತಾಳರು: ಯಾವ ಲೆಕ್ಕ?

ಗುಲಾಬಿ: ಎಂತ ಇಲ್ಲೆ.

ಶೀನಣ್ಣ: ಹೇಳ್ ಮಾರಾಯ್ತಿ. ಇವತ್ತಲ್ದಿರೆ ನಾಳಿಗ್ ಗೊತ್ತಾತ್.

ಗುಲಾಬಿ: ದಿನಾ ಎರ್ಡ್ ಬಂಗುಡೆ. ಎಂಟ್ ಗಂಟಿಗೆ ನಿಮ್ ಹಿತ್ಲ್ ಬದಿಯಂಗೆ ಕೊಡ್ತೆ. "ಪಾಪ, ಮೊಸ್ರನ್ನ ತಿಂದ್ ತಿಂದ್ ಮಗ ಬಡು ಆಯ್ದ" ಅಂದೇಳಿ ಅಮ್ಮನೇ ಹೇಳಿದ್ದ್.

ಐತಾಳರು: ಎಂತಾ! ನಮ್ಮನಿಯಂಗೆ ಮೀನಾ? ಎಷ್ಟ್ ದಿನ ಆಯ್ತ್ ಇದ್ ಶುರುವಾಯಿ? ನಂಗೆ ಯಾರೂ ಒಂದ್ ಮಾತ್ ಹೇಳ್ಲಿಲ್ಯಾ?

(ಅಪ್ಪಟ ಕೋಟ. ಬೆಂಗಳೂರಿನ ಇಷ್ಟೂ ವರ್ಷಗಳು ಒಂದು ಬಂಗುಡೆಗೆ ಹೋದವು.)

ಗುಲಾಬಿ: ಮನಿಯೊಳ್ಗಲ್ಲ ಐತಾಳ್ರೆ, ಹಲ್ಸಿನ ಮರದ ಬುಡದಂಗೆ. ಬಾಳಿ ಎಲಿ ಹಾಕಿಯೇ ಕೊಡುದ್. ಅಮ್ಮ ಮುಖ ಆಚಿಗ್ ಮಾಡ್ಕಂಡ್ ನಿಂತಿರ್ತ್ರ್.

ಶೀನಣ್ಣ: ಹಾಂಗಾರೆ ಎಂಟ್ ಗಂಟಿಗೆ ಎಳೂದ್ ಓಡುಕಲ್ಲ. ಪುಸ್ತಕದಂಗೆ ಇದ್ ಬರಿಲಿಲ್ಯಾ?

(ಬ್ರೂನೊ ಮೀನಿನ ಪೆಟ್ಟಿಗೆಯ ಮುಂದೆ ಅಚ್ಚುಕಟ್ಟಾಗಿ ಕುಳಿತು ಬಲಗಾಲು ಎತ್ತಿ ಕೊಡುತ್ತಾನೆ. ಪಕ್ಕದಲ್ಲಿ ಕಾಳನೂ ಬಂದು ಕೂರುತ್ತಾನೆ. ಅವನಿಗೆ ಕಾಲು ಕೊಡಲು ಬರುವುದಿಲ್ಲ, ಬಾಯಿ ತೆರೆದಿದ್ದಾನೆ.)

ಐತಾಳರು: (ಕೊನೆಗೂ ಪರ್ಸು ತೆಗೆದು, ಬ್ಯಾಂಕಿನವರ ದನಿಯಲ್ಲಿ) ತಿಂಗಳಿಗೆ ಮೂವತ್ತೊಂದು ದಿನ. ದಿನಕ್ಕೆ ಎರಡು. ಅರವತ್ತೆರಡು ಬಂಗುಡೆ. ಸರಿಯಾ?

ಗುಲಾಬಿ: ಅಲ್ಲ ಐತಾಳ್ರೆ, ಐವತ್ತೆಂಟ್. ಎರ್ಡ್ ಏಕಾದಶಿ ಕಳೀಕ್. ಆ ದಿನ ಕೊಡುಕಾಗ ಅಂದೇಳಿ ಅಮ್ಮ ಮೊದ್ಲೇ ಹೇಳಿದ್ರ್.