ಸ್ವಲ್ಪ ಪಕ್ಕಕ್ಕೆ ಸರೀರಿ, ಮಗು ಫೋಟೋ ತೆಗೀತಿದೆ

ಶನಿವಾರದ ಹೊತ್ತು ಎಂಟು-ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಫೋಟೋಗ್ರಫಿ, ಡಿಜಿಟಲ್ ಡಿಸೈನು ಹೇಳ್ಕೊಡ್ತೀನಿ ಅಂದ ತಕ್ಷಣ ನೀವು ಏನು ಕೇಳ್ತೀರ ಅನ್ನೋದು ನಂಗೆ ಬಾಯಿಪಾಠ. 'ಯಾವ ಕ್ಯಾಮೆರಾ ಕೊಡಿಸ್ಬೇಕು ಸಾರ್?' ಅದಾದ್ಮೇಲೆ, 'ಇದಕ್ಕೆ ಮಾರ್ಕ್ಸ್ ಇದ್ಯಾ?' (ಮಗೂಗೆ ಇಷ್ಟ ಇದ್ಯಾ ಅಂತ ಕೇಳೋರು ಅಜ್ಜಿಯರು ಮಾತ್ರ.)

ಕ್ಯಾಮೆರಾ ಬೇಡ ಕಣ್ರೀ. ಎಕ್ಸ್‌ಚೇಂಜಿಗೆ ಹೋದಾಗ ಅಂಗಡಿಯೋನು ಹೇಳಿದ ರೇಟಿಗೆ ಸಿಟ್ಟು ಮಾಡ್ಕೊಂಡು ವಾಪಸ್ ತಂದು ಡ್ರಾಯರಲ್ಲಿ ಹಾಕಿದ್ದೀರಲ್ಲ, ಮೂಲೆ ಒಡೆದ ಹಳೇ ಫೋನು? ಅದು ಸಾಕು. ಕೊಡಿ ಅದನ್ನ. ಕೊಟ್ಟು, ಮುಟ್ಟಬೇಡ, ಬೀಳಿಸ್ತೀಯ, ಅಂತ ಹಿಂದೆನೇ ಓಡಾಡಬೇಡಿ.

1900ರಲ್ಲಿ ಕೊಡಕ್ ಕಂಪನಿ 'ಬ್ರೌನಿ' ಅಂತ ಒಂದು ರಟ್ಟಿನ ಡಬ್ಬಿ ಕ್ಯಾಮೆರಾ ತಂದು, ಮಕ್ಕಳೇ ತೆಗೀಲಿ ಅಂತ ಒಂದು ಡಾಲರಿಗೆ ಮಾರ್ತು. ನಿಮ್ಮನೇಲಿ ಏನಾಗಿತ್ತು ಹೇಳಿ? ಕ್ಯಾಮೆರಾ ಬೀರುವಿನಲ್ಲಿ, ರೇಷ್ಮೆ ಸೀರೆ ಅಡೀಲಿ, ಬೀಗದ ಕೈ ಅಪ್ಪನ ಜೇಬಲ್ಲಿ. 36 ಫೋಟೋದ ರೋಲು ಯುಗಾದಿಗೆ ಹಾಕಿದ್ರೆ ದೀಪಾವಳಿವರೆಗೂ ಬರಬೇಕು. ಅದಕ್ಕೇ ಅಲ್ವಾ, ಇವತ್ತಿಗೂ ಯಾರಾದ್ರೂ ಫೋನ್ ಎತ್ತಿದ್ರೆ ಉಸಿರು ಬಿಗಿಹಿಡಿದು, ಕೈ ಎರಡೂ ಪ್ಯಾಂಟಿನ ಪಕ್ಕಕ್ಕೆ ಅಂಟಿಸಿ ನಿಂತ್ಕೊಳ್ಳೋದು?

ನಮ್ಮ ಮೊದಲನೇ ಪಾಠ ಲೆನ್ಸ್ ಒರೆಸೋದು. ನಗಬೇಡಿ. ಈಗ ನಿಮ್ಮ ಫೋನ್ ತಿರುಗಿಸಿ ನೋಡಿ. ಬೆಳಿಗ್ಗೆ ತಿಂದ ದೋಸೆಯ ಎಣ್ಣೆ ಅಲ್ಲಿದೆ. 'ಈ ಫೋನಲ್ಲಿ ಫೋಟೋ ಯಾಕೋ ಮಂಜು ಮಂಜು' ಅಂತ ಆರು ತಿಂಗಳಿಂದ ಕಂಪನೀನ ಬೈತಿದ್ದೀರಲ್ಲ, ಮಕ್ಕಳು ಅದನ್ನ ಯೂನಿಫಾರಂ ಅಂಚಲ್ಲಿ ರಿಪೇರಿ ಮಾಡಿ ಕೊಡ್ತಾರೆ.

ಎರಡನೇ ಪಾಠ ಬೆಳಕು. ಇಲ್ಲೇ ನಿಮ್ಮ ಮಾನ ಹೋಗೋದು. ಭಾನುವಾರ ಸಂಜೆ ಮೈಸೂರು ಅರಮನೆ ದೀಪ ನೋಡೋಕೆ ಹೋಗಿದ್ರಿ ತಾನೆ? ಹತ್ರಹತ್ರ ಒಂದು ಲಕ್ಷ ಬಲ್ಬು ಉರೀತಿದೆ. ಅದರ ಎದುರಿಗೆ ನಿಂತು ನೀವು ಫ್ಲ್ಯಾಶ್ ಹಾಕಿದ್ರಿ! ಮೊಬೈಲಿನ ಫ್ಲ್ಯಾಶು ಎರಡು-ಮೂರು ಮೀಟರ್ ದಾಟಿದ್ರೆ ಹೆಚ್ಚು. ಅರಮನೆಗೆ ಏನೂ ಆಗಲಿಲ್ಲ, ಮುಂದೆ ನಿಂತಿದ್ದ ಅಂಕಲ್ಲಿನ ಬೋಳುತಲೆ ಮಾತ್ರ ಫಳಫಳ ಬಂತು. ಪಕ್ಕದಲ್ಲಿದ್ದ ಮಗಳು ಫ್ಲ್ಯಾಶ್ ಆಫ್ ಮಾಡಿ, ಫೋನನ್ನ ಕಾಂಪೌಂಡ್ ಗೋಡೆಗೆ ಆನಿಸಿ, ಅಲ್ಲಾಡದೆ ತೆಗೆದ್ಲು. ಅವಳ ಫೋಟೋನೇ ನೀವು ಸ್ಟೇಟಸಿಗೆ ಹಾಕಿದ್ದು. (ಕೇಳಿದೋರಿಗೆ 'ನಾನೇ ತೆಗೆದಿದ್ದು' ಅಂದಿದ್ದೂ ನಂಗೆ ಗೊತ್ತು. ಮಕ್ಕಳು ಕ್ಲಾಸಲ್ಲಿ ಎಲ್ಲಾ ಹೇಳ್ತಾರೆ.)

ಹಂಪಿ ವಿಷಯಕ್ಕೆ ಬನ್ನಿ. ನೀವು ಸೀದಾ ವಿಠ್ಠಲ ದೇವಸ್ಥಾನಕ್ಕೆ ಓಡಿ, 50 ರೂಪಾಯಿ ಹೊಸ ನೋಟು ತೆಗೆದು, ನೋಟಿನ ರಥಕ್ಕೂ ಕಲ್ಲಿನ ರಥಕ್ಕೂ ಜೋಡಿ ಹಾಕಿ ಕ್ಲಿಕ್ ಮಾಡಿದ್ರಿ. ನಿಮ್ಮ ಹಿಂದೆ ನಿಂತಿದ್ದೋರೂ ಅದನ್ನೇ ಮಾಡಿದ್ರು. ಆದ್ರೆ ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಗೆ ಹೋಗಿದ್ರಾ? ಗೋಡೆಯ ಒಂದು ಸಣ್ಣ ಕಿಂಡಿಯಿಂದ ಬೆಳಕು ಬಂದು, ಸುಮಾರು 50 ಮೀಟರ್ ಎತ್ತರದ ದೊಡ್ಡ ಗೋಪುರ ಎದುರು ಗೋಡೆ ಮೇಲೆ ತಲೆಕೆಳಗಾಗಿ ಮೂಡಿರುತ್ತೆ.

ಮಕ್ಕಳು ಅಲ್ಲಿಂದ ಕದಲೋದಿಲ್ಲ ಕಣ್ರೀ. ಬೆಳಕು ನೆಟ್ಟಗೆ ಹೋಗುತ್ತೆ, ಗೋಪುರದ ಮೇಲಿಂದ ಹೊರಟಿದ್ದು ಕಿಂಡಿ ದಾಟಿ ಕೆಳಗೆ ಬೀಳುತ್ತೆ, ಕೆಳಗಿಂದ ಹೊರಟಿದ್ದು ಮೇಲಕ್ಕೆ. ವಿಜ್ಞಾನದ ಪುಸ್ತಕದಲ್ಲಿ ಚಿತ್ರ ಬರೆದು ಬಾಣ ಹಾಕಿದ್ದು ಅಲ್ಲಿ ಕಣ್ಣೆದುರಿಗೆ ಬರುತ್ತೆ. ವಾಪಸ್ ಬಂದು ಶೂ ಡಬ್ಬಿಗೆ ಸೂಜಿಯಲ್ಲಿ ತೂತು ಹಾಕಿ, ಇನ್ನೊಂದು ತುದಿಗೆ ಬಟರ್ ಪೇಪರ್ ಅಂಟಿಸಿ, ತಲೆಮೇಲೆ ಬೆಡ್‌ಶೀಟ್ ಹೊದ್ದು ಬೀದಿಗೆ ಇಳೀತಾರೆ. ತಲೆಕೆಳಗಾದ ತೆಂಗಿನಮರ, ತಲೆಕೆಳಗಾದ ಹಾಲಿನೋನು, ತಲೆಕೆಳಗಾದ ನೀವು. 'ಹೊಸ ಶೂ ಡಬ್ಬಿ ಯಾರು ಹಾಳ್ಮಾಡಿದ್ದು' ಅಂತ ಕಿರುಚಿದ್ದೂ ನೀವೇ.

ಆಮೇಲೆ ಒಂದು ಹೋಂವರ್ಕ್ ಕೊಡ್ತೀನಿ. ಮನೆಯವರು ಕೆಲಸ ಮಾಡ್ತಿರುವಾಗ ಒಂದು ಫೋಟೋ, ಯಾರೂ ಕ್ಯಾಮೆರಾ ನೋಡಬಾರದು. ಬಂದಿದ್ದು ಏನು ಗೊತ್ತಾ? ಜರಿ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಸೋಫಾ ಮೇಲೆ ಕೂತು ಹುರುಳಿಕಾಯಿ ಬಿಡಿಸ್ತಿರೋ ಅಮ್ಮಂದಿರು! ಇಸ್ತ್ರಿ ಶರಟು ಹಾಕ್ಕೊಂಡು ಪೇಪರ್ ಓದ್ತಿರೋ ಅಪ್ಪಂದಿರು. (ಒಬ್ಬ ಹುಡುಗ ಜೂಮ್ ಮಾಡಿ ತೋರಿಸ್ದ, ಪೇಪರು ಹಿಂದಿನ ವಾರದ್ದು.)

ಒಬ್ಬಳು ಮಾತ್ರ ಅಮ್ಮ ಕುಕ್ಕರ್ ಮುಂದೆ ನಿಂತು, ಎಷ್ಟನೇ ಕೂಗು ಅನ್ನೋದು ಮರೆತು, ಎಲ್ಲೋ ನೋಡ್ತಿರೋದನ್ನ ತೆಗೆದು ತಂದಿದ್ಲು. ಕಿಟಕಿ ಬೆಳಕು ಅರ್ಧ ಮುಖದ ಮೇಲೆ. ಎಂಥಾ ಫೋಟೋ ಅಂತೀರಿ! ಅಮ್ಮ ಏನಂದ್ರು? 'ಥೂ, ನೈಟೀಲಿದ್ದೀನಿ, ಡಿಲೀಟ್ ಮಾಡು.' ಮಾಡಿದ್ಲು, ಪಾಪ. ಯಾಕಂದ್ರೆ ಕ್ಲಾಸಿನ ನಿಯಮ ಅದು: ಫೋಟೋದಲ್ಲಿರೋರು ಬೇಡ ಅಂದ್ರೆ ಬೇಡ. ಅದೇ ಸಂಜೆ ಅವಳು ಅಮ್ಮನ್ನ ಕೇಳಿದ್ಲಂತೆ, 'ನಾನು ಬಾಯಿ ಬಿಟ್ಕೊಂಡು ಮಲಗಿದ್ದ ಫೋಟೋನ ಫ್ಯಾಮಿಲಿ ಗ್ರೂಪಿಗೆ ಹಾಕ್ದಲ್ಲ, ನನ್ನ ಕೇಳಿದ್ಯಾ?' ಇದಕ್ಕೆ ನಿಮ್ಮ ಹತ್ರ ಉತ್ತರ ಇದ್ರೆ ನಂಗೂ ತಿಳಿಸಿ.

ಕುಕ್ಕರ್ ಮುಂದಿನ ಅಂಥ ಫೋಟೋ ಸಿಗೋಕೆ ಕಾಯಬೇಕು ಅಂದ್ರೆ, 'ಅಷ್ಟೆಲ್ಲಾ ಕಾಯೋಕೆ ಟೈಮ್ ಎಲ್ಲಿದೆ ಸಾರ್' ಅಂತೀರಿ. ಸಂಡೂರಿನ ಎಂ. ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿ ಆಗಿದ್ದೋರು, ಕಾಡಲ್ಲಿ ಪ್ರಾಣಿಗಳಿಗೆ ಕಾದು ಫೋಟೋ ತೆಗೆದು ಜಗತ್ತಿನ ಕೈಲಿ ಭೇಷ್ ಅನ್ನಿಸಿಕೊಂಡ್ರು. ಮೂಡಿಗೆರೆಯಲ್ಲಿ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದಿದ್ರು. ನೀವು ಬಜೆಟ್ ಮಂಡಿಸಬೇಕಾ, ಕಾದಂಬರಿ ಬರೀಬೇಕಾ? ಗುಬ್ಬಿ ಕೂತ್ಕೊಳ್ಳೋಕೆ ಎರಡು ನಿಮಿಷ ಕೊಡಿ ಅಂದ್ರೆ ರೀಲ್ಸ್ ನೋಡ್ತೀರಿ.

ಇನ್ನು ಡಿಸೈನು. ನಿಮ್ಮಲ್ಲಿ ಒಬ್ಬರು ಪೆನ್‌ಡ್ರೈವ್ ತಂದು ಗುಟ್ಟಾಗಿ, 'ನಮ್ಮ ಭಾಮೈದನ ಹತ್ರ ಕ್ರ್ಯಾಕ್ ಮಾಡಿದ ಫೋಟೋಶಾಪ್ ಇದೆ, ಮಕ್ಕಳಿಗೆ ಹಾಕ್ಕೊಡಿ' ಅಂದ್ರು. ಬೇಡ ಸ್ವಾಮಿ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಮಾಡಿದ 'ಗಿಂಪ್' 1996ರಿಂದ ಪುಕ್ಕಟೆ ಸಿಗ್ತಿದೆ. ಕ್ಯಾನ್ವಾ ಇದೆ. ಅದರ ಕಥೆ ಗೊತ್ತಾ? ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮೆಲನಿ ಪರ್ಕಿನ್ಸ್ ಅನ್ನೋ ಹುಡುಗಿ ಕಾಲೇಜಿನಲ್ಲಿದ್ದಾಗ ಬೇರೆಯವರಿಗೆ ಡಿಸೈನ್ ಸಾಫ್ಟ್‌ವೇರ್ ಹೇಳ್ಕೊಡ್ತಿದ್ರು. ಯಾವ ಬಟನ್ ಎಲ್ಲಿದೆ ಅಂತ ಹುಡುಕೋದ್ರಲ್ಲೇ ಎಲ್ಲರೂ ಸುಸ್ತು. ಮೊದಲು ಶಾಲೆಗಳ ಇಯರ್‌ಬುಕ್ ಮಾಡೋ ಕಂಪನಿ ಕಟ್ಟಿದ್ರು, ಆಮೇಲೆ 2013ರಲ್ಲಿ ಕ್ಯಾನ್ವಾ.

ನೀವು ಅದರಲ್ಲಿ ಏನು ಮಾಡಿದ್ರಿ? ರೆಡಿ ಟೆಂಪ್ಲೇಟಲ್ಲಿ ಹೆಸರು ಮಾತ್ರ ಬದಲಾಯಿಸಿ ನಾಮಕರಣದ ಕಾರ್ಡು ಕಳಿಸಿದ್ರಿ. ಊರು ತಿಪಟೂರು, ತಿಂಗಳು ಏಪ್ರಿಲ್, ಹಿಂದೆ ಹಿಮ ಬೀಳ್ತಿದೆ.

ಖಾಲಿ ಜಾಗ ಕಂಡ್ರೆ ನಿಮಗ್ಯಾಕೆ ಅಷ್ಟು ಭಯ? ಮಕ್ಕಳು ಪೋಸ್ಟರಲ್ಲಿ ಒಂದು ಚಿತ್ರ, ಎರಡು ಸಾಲು ಇಟ್ಟು ಸುತ್ತ ಉಸಿರಾಡೋಕೆ ಜಾಗ ಬಿಟ್ಟಿರ್ತಾರೆ. ನೀವು ಬಗ್ಗಿ ನೋಡಿ, 'ಇಲ್ಲೊಂದು ಗಣಪತಿ, ಇಲ್ಲೊಂದು ಗುಲಾಬಿ, ಇಲ್ಲಿ ನಮ್ಮ ಅಣ್ಣನ ಫೋನ್ ನಂಬರ್' ಅಂತ ತುಂಬಿಸ್ತೀರಿ. ಬಾಳೆಲೆಯಲ್ಲೂ ನಡುವೆ ಅನ್ನಕ್ಕೆ ಜಾಗ ಬಿಡ್ತಾರಲ್ರೀ! ಬೆಳಿಗ್ಗೆ ಆರಕ್ಕೆ ನೀವು ಕಳಿಸೋ 'ಶುಭೋದಯ' ಚಿತ್ರ ಈಗ ನಮ್ಮ ಕ್ಲಾಸಿನ ಪಠ್ಯ. ಸೂರ್ಯ, ಕಾಫಿ ಕಪ್ಪು, ಎರಡು ಪಾರಿವಾಳ, ಏಳು ಬಣ್ಣದಲ್ಲಿ ಒಂದು ಹಿತವಚನ. ಅದರಲ್ಲಿ ಏನೇನು ತೆಗೆದ್ರೆ ಅಕ್ಷರ ಓದೋಕಾಗುತ್ತೆ ಅಂತ ಪರೀಕ್ಷೆಗೆ ಕೇಳಬೇಕು ಅಂತಿದ್ದೀನಿ.

ಕನ್ನಡ ಅಕ್ಷರದ ಪಾಡು ಬೇರೆ. ರಾಜ್ಯೋತ್ಸವಕ್ಕೆ ಪೋಸ್ಟರ್ ಮಾಡ್ತಾ ಒಬ್ಬ ಹುಡುಗ ಮನೆಯ ಹಳೇ ಫೋಟೋಶಾಪಲ್ಲಿ ಟೈಪ್ ಮಾಡಿದ್ರೆ 'ರಾಜ್‌ಯೋತ್‌ಸವ' ಅಂತ ಒತ್ತಕ್ಷರ ಎಲ್ಲಾ ಕಳಚಿ ನಿಂತಿದೆ. ಪ್ರಿಫರೆನ್ಸಸ್‌ಗೆ ಹೋಗಿ, ಟೈಪ್ ಅನ್ನೋದ್ರಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ, ಪ್ರೋಗ್ರಾಂ ಮುಚ್ಚಿ ತೆಗೀಬೇಕು ಅಷ್ಟೆ. ಡಿಟಿಪಿ ಅಂಗಡಿಯಿಂದ ತಂದ ಹಳೇ ನುಡಿ ಫಾಂಟಿನ ಫೈಲೋ, ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ್ರೆ ಪೂರಾ ಇಂಗ್ಲಿಷ್ ಚಿಹ್ನೆಗಳ ಸಂತೆ. ಯೂನಿಕೋಡಿಗೆ ಕನ್ವರ್ಟ್ ಮಾಡೋದು ಮಕ್ಕಳಿಗೆ ಈಗ ಮಗ್ಗಿ ಬಂದ ಹಾಗೆ ಬರುತ್ತೆ. ನೀವಿನ್ನೂ 'ವೈರಸ್ ಬಂದಿದೆ' ಅಂತಿದ್ದೀರಿ.

ಈ ಸಲ ವರ್ಷದ ಕೊನೆಗೆ ಪ್ರದರ್ಶನ ಇಟ್ವಿ. ಪ್ರಿಂಟ್ ಹಾಕಿಸೋಕೆ ಫೋಟೋ ಕಳಿಸಿ ಅಂದ್ರೆ ನೀವು ವಾಟ್ಸಾಪಲ್ಲಿ ಕಳಿಸಿದ್ರಿ. ಅದು ಸಾಮಾನ್ಯವಾಗಿ ಫೋಟೋನ ಕುಗ್ಗಿಸಿ 1600 ಪಿಕ್ಸೆಲ್ ಆಸುಪಾಸಿಗೆ ತಂದುಬಿಡುತ್ತೆ. ಒಳ್ಳೇ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಭಾಗಿಸಿ ನೋಡಿ, ಐದೂವರೆ ಇಂಚೂ ಇಲ್ಲ. ಡಾಕ್ಯುಮೆಂಟ್ ಅಂತ ಕಳಿಸ್ಬೇಕು ಅಂತ ನಿಮ್ಮ ಮಗಳು ಹೇಳಿದ್ಲಲ್ಲ, 'ಎಲ್ಲಾ ಒಂದೇ ಬಿಡೇ' ಅಂದ್ರಿ.

ಬಾಗಿಲ ಮೇಲಿನ ಸ್ವಾಗತದ ಬ್ಯಾನರ್ ನೀವೇ ಮಾಡಿಸ್ತೀವಿ ಅಂದ್ರಿ, ನಾನೂ ಸುಮ್ಮನಾದೆ. ಬಂತು ಫ್ಲೆಕ್ಸು. (ಅದನ್ನ ಸರ್ಕಾರ 2016ರಲ್ಲೇ ನಿಷೇಧಿಸಿದೆ. ನಿಮಗೂ ಗೊತ್ತು, ಫ್ಲೆಕ್ಸಿಗೂ ಗೊತ್ತು.) ಪೋಷಕರ ಸಮಿತಿಯ ಎಲ್ಲರ ಮುಖ ಇದೆ, ಮಕ್ಕಳದ್ದು ಒಂದೂ ಇಲ್ಲ. ನಮ್ಮ ಹುಡುಗರು ಒಳಗೆ ಹೋಗೋದು ಬಿಟ್ಟು ಅದರ ಕೆಳಗೆ ನಿಂತು ಫಾಂಟು ಎಣಿಸೋಕೆ ಶುರು ಮಾಡಿದ್ರು. ಮೂರನೇ ಸಾಲಲ್ಲಿ ಬಲಗಡೆಯಿಂದ ಎರಡನೆಯವರು ನೀವು. ಡಿಟಿಪಿಯೋನು ಫೋಟೋನ ಮೂಲೆ ಹಿಡಿದು ಎಳೆಯೋ ಬದಲು ಪಕ್ಕ ಹಿಡಿದು ಎಳೆದಿದ್ದಾನೆ. ಅಪ್ಪನ ಮುಖ ಊದಿಲ್ಲ ಆಂಟಿ, ಸ್ಟ್ರೆಚ್ ಆಗಿದೆ ಅಷ್ಟೆ, ಅಂತ ನಿಮ್ಮ ಮಗಳು ಬಂದೋರಿಗೆಲ್ಲಾ ವಿವರಿಸ್ತಾ ನಿಂತಿದ್ಲು.