ಬೈಸಿಕೊಳ್ಳುವ ಗುತ್ತಿಗೆ

ನಮ್ಮಕ್ಕನ ಮಗ ಬೆಂಗಳೂರಿನಲ್ಲಿ ಲಕ್ಷುರಿ ಇವೆಂಟ್ ಪ್ಲ್ಯಾನರ್. ನಮ್ಮೂರು ಸೊನ್ನದಲ್ಲಿ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ನನಗೆ ಬೆವರು. “ಅಂದ್ರ ಶಾಮಿಯಾನದ ಧಂದೆ ಏನ್ರೀ?” ಅಲ್ಲ. “ಮತ್ತ ಅಡಗಿ ಕಾಂಟ್ರಾಕ್ಟ?” ಅದೂ ಅಲ್ಲ. ಶಾಮಿಯಾನದವ, ಅಡುಗೆಯವ, ಹೂವಿನವ, ಬ್ಯಾಂಡಿನವ, ಇವರಿಗೆಲ್ಲ ಫೋನ್ ಮಾಡುವವ. “ಅಷ್ಟಕ್ಕ ರೊಕ್ಕ ಕೊಡ್ತಾರ? ನಮ್ಮೂರಾಗ ಆ ಕೆಲಸಕ್ಕ ಮನಿಗೊಬ್ಬ ಕಾಕಾ ಖಾಲಿ ಕುಂತಾನಲ್ರೀ!”

ಕೊಡುತ್ತಾರೆ. 2016ರ ನವೆಂಬರ್ 16ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ, ಬಳ್ಳಾರಿಯ ಗಣಿಧಣಿ ಗಾಲಿ ಜನಾರ್ದನ ರೆಡ್ಡಿಯವರ ಮಗಳ ಮದುವೆ ಯಾರಿಗೆ ಮರೆತಿದೆ? ನೋಟು ರದ್ದಾಗಿ ಎಂಟೇ ದಿನ. ನಾವು ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗ ಅಲ್ಲಿ ಹಂಪಿಯ ವಿಜಯ ವಿಠ್ಠಲ ಗುಡಿಯ ಸೆಟ್ಟು ನಿಂತಿತ್ತು. ಆಮಂತ್ರಣವೋ, ಒಂದು ಡಬ್ಬಿ. ಮುಚ್ಚಳ ತೆರೆದರೆ ಎಲ್‌ಸಿಡಿ ಪರದೆಯಲ್ಲಿ ಮನೆಮಂದಿ ಹಾಡುತ್ತ ಕರೆಯುತ್ತಿದ್ದರು. ಊಟದ ಜಾಗವನ್ನು ಬಳ್ಳಾರಿಯ ಹಳ್ಳಿಯಂತೆ ಕಟ್ಟಿದ್ದರೆಂದು ಪತ್ರಿಕೆಗಳು ಬರೆದವು. ಬಳ್ಳಾರಿಯ ಹಳ್ಳಿ ಬಳ್ಳಾರಿಯಲ್ಲೇ ಪುಕ್ಕಟೆ ಸಿಗುತ್ತದಲ್ಲ ಎಂದೆ. ಹುಡುಗ ನಕ್ಕ. “ಮಾಮಾ, ಅಲ್ಲಿ ಧೂಳ ಇರ್ತದ.”

ಅಂಥವನು ನಮ್ಮ ತಮ್ಮನ ಮಗಳ ಮದುವೆಗೆ ತನ್ನ ತಂಡವನ್ನೇ ಊರಿಗೆ ಇಳಿಸಿದ. ಮೇ ತಿಂಗಳು, ಕಲಬುರಗಿಯ ಬಿಸಿಲು 42ರ ಮೇಲೆ. ಬೆಂಗಳೂರಿನಿಂದ ಆರ್ಕಿಡ್ ಹೂವು ಹೊತ್ತ ಗಾಡಿ ಹೊರಟಿತು. ಸೊನ್ನ ಎಂಬ ಊರು ಜೇವರ್ಗಿ ತಾಲ್ಲೂಕಿನಲ್ಲೂ ಉಂಟು, ಅಫಜಲಪುರದಲ್ಲೂ ಉಂಟು. ನಮ್ಮದು ಜೇವರ್ಗಿಯದು. ಫೋನು ಬಂತು: “ಸಾರ್, ಲೊಕೇಶನ್‌ಗೆ ಬಂದಿದೀನಿ. ಎದುರುಗಡೆ ಭೀಮಾ ನದಿ, ದೊಡ್ಡ ಬ್ಯಾರೇಜು. ಮಂಟಪ ಎಲ್ಲಿ?” ಅದು ಅಫಜಲಪುರದ ಸೊನ್ನ. ಆರ್ಕಿಡ್ ನಮ್ಮಲ್ಲಿಗೆ ಬಂದಾಗ ಬೇಯಿಸಿದ ರಾಜಗಿರಿ ಸೊಪ್ಪಿನ ಹಾಗಾಗಿತ್ತು. ಹಂದರಕ್ಕೆ ಮಾವಿನ ತೋರಣವೇ ಗತಿಯಾಯಿತು.

ರೊಟ್ಟಿಯ ವಿಷಯದಲ್ಲಿ ಹೆಂಗಸರು ಅಳಿಯನನ್ನು ಹತ್ತಿರಕ್ಕೂ ಬಿಡಲಿಲ್ಲ. ಮನೆಮನೆಗೆ ಜೋಳದ ಹಿಟ್ಟು ಹಂಚಿದರು, ಖಡಕ್ ರೊಟ್ಟಿ ಬುಟ್ಟಿಗಟ್ಟಲೆ ಬಂದಿಳಿದವು. ಅವನ ಕಾಗದದಲ್ಲಿ 11.20ಕ್ಕೆ ಅಕ್ಷತೆ, 11.35ಕ್ಕೆ ಫೋಟೊ ಎಂದಿತ್ತು. ಆದರೆ ಆಯಾರ ಕೂಗುವ ಮೈಕು ಒಮ್ಮೆ ನಮ್ಮವರ ಕೈಗೆ ಸಿಕ್ಕರೆ ಅದಕ್ಕೆ ಗಡಿಯಾರವಿಲ್ಲ. ಐವತ್ತೊಂದು ರೂಪಾಯಿ ಕೊಟ್ಟವನ ಹೆಸರನ್ನು ಮೂರು ತಲೆಮಾರು ಸಮೇತ ಕೂಗಲೇಬೇಕು. ಕೂಗದಿದ್ದರೆ ಅವನು ಕೊಟ್ಟದ್ದೇಕೆ?

ಅಷ್ಟರಲ್ಲಿ ಬೀಗರ ಕಡೆಯ ಹಿರಿಯ ಕಾಕಾ ತಮಗೆ ಟಾವೆಲ್ ಟೋಪಿ ಹಾಕಲಿಲ್ಲವೆಂದು ಉಣ್ಣದೆ ಎದ್ದರು. ತಂಡದ ಹುಡುಗನೊಬ್ಬ, ಆ ಬಿಸಿಲಲ್ಲೂ ಬ್ಲೇಜರು, ಕಿವಿಯಲ್ಲಿ ವೈರು, ಓಡಿಬಂದು ಕೈ ಮುಗಿದ. “ಸಾರಿ ಸರ್, ನಮ್ಮ ಕಡೆಯಿಂದ ತಪ್ಪಾಗಿದೆ.” ಕಾಕಾ ಮೇಲಿಂದ ಕೆಳಗೆ ನೋಡಿದರು. “ನೀ ಯಾರಪಾ? ಹುಡುಗಿಗಿ ಏನ್ ಆಗಬೇಕು?” ಏನೂ ಆಗಬೇಕಿಲ್ಲ. “ಮತ್ತ ನಿನಗ ಬೈದು ನನಗೇನ್ ಬಂತು?”

ಬೆಂಗಳೂರಿನ ಶ್ರೀಮಂತರು ನಿಜಕ್ಕೂ ಯಾವುದಕ್ಕೆ ದುಡ್ಡು ಕೊಡುತ್ತಾರೆಂದು ನನಗೆ ಹೊಳೆದದ್ದು ಆಗಲೇ. ಹೂವಿಗಲ್ಲ, ಸೆಟ್ಟಿಗೂ ಅಲ್ಲ. ಸಾರು ತಣ್ಣಗಾದರೆ, ಕರೆಂಟು ಹೋದರೆ, ಮಳೆ ಬಂದರೂ ಸರಿ, ಬೈಸಿಕೊಳ್ಳಲು ಒಬ್ಬ ಬೇಕು, ಮನೆಯವರು ಬಚಾವ್. ನಮ್ಮಲ್ಲಿ ಆ ಗುತ್ತಿಗೆ ಹೊರಗಿನವರಿಗೆ ಸಲ್ಲದು. ಕಡೆಗೆ ದೊಡ್ಡಪ್ಪನಾದ ನನ್ನನ್ನೇ ಎಳೆದು ತಂದು ನಿಲ್ಲಿಸಿದರು. ಕಾಕಾ ನನಗೆ ಮನದಣಿಯೆ ಬೈದರು. ಟೋಪಿಯಿಂದ ಶುರುವಾದದ್ದು ನಿಶ್ಚಯದ ದಿನದ ಉಪ್ಪಿಲ್ಲದ ಪಲ್ಯದವರೆಗೂ ಹೋಯಿತು. ಆಮೇಲೆ ಕುಳಿತು ಎರಡು ಸಲ ಗೋಧಿ ಹುಗ್ಗಿ ಹಾಕಿಸಿಕೊಂಡರು.

ಅಳಿಯ ದೂರ ನಿಂತು ಎಲ್ಲ ನೋಡಿದ್ದ. ಮೊನ್ನೆ ಫೋನ್ ಮಾಡಿದ. ದೇವನಹಳ್ಳಿ ಕಡೆಯ ರೆಸಾರ್ಟಿನಲ್ಲಿ ದೊಡ್ಡ ಮದುವೆಯಂತೆ, ಹಳ್ಳಿ ಥೀಮ್. “ಮಾಮಾ, ಕೊಟೇಶನ್ನಿನಾಗ ಒಬ್ಬ ದೊಡ್ಡಪ್ಪನ್ನ ಸೇರಿಸೀನಿ. ಎರಡು ದಿನ ಬಂದು ಬೈಸಿಕೊಂಡು ಹೋಗ್ರಿ. ಎಷ್ಟು ಹಾಕ್ಲಿ?”

ಹೋಗಿ ಬರುವ ಬಸ್ ಚಾರ್ಜು ಬೇರೆ ಹಾಕು ಎಂದೆ.